ಆಘಾತಗೊಂಡವರ ಬಳಿ ಆರೋಗ್ಯ ಕಾರ್ಯಕರ್ತೆ

ಮನೋವೈದ್ಯರೇ ನೋಡಬೇಕಾದ ಕಾಯಿಲೆಯನ್ನು ಅಲ್ಪಸ್ವಲ್ಪ ತರಬೇತಿ ಪಡೆದವರ ಕೈಗೆ ಒಪ್ಪಿಸಿದರೆ ರೋಗಿಗೆ ಕೆಡುಕೇ ಆಗುವುದಿಲ್ಲವೇ ಎಂಬ ಆತಂಕವನ್ನು ಹಲವರು ಮರಳಿ ಮರಳಿ ವ್ಯಕ್ತಪಡಿಸುತ್ತಾರೆ. ಈ ಪ್ರಶ್ನೆಯನ್ನು ಕರ್ನಾಟಕ ಬಹಳ ಹಿಂದೆಯೇ ಒರೆಗೆ ಹಚ್ಚಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿ, ಅಗತ್ಯ ಔಷಧಿಗಳನ್ನು ಅಲ್ಲಿಯೇ ದೊರಕಿಸಿ ರೂಪಿಸಿದ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು.

ಇಂಥ ತರಬೇತಿ ಇಂದಿಗೂ ಬೇಕು. ವಿಜಯಪುರ ನಗರದ ಪಕ್ಕದ ತೊರವಿ ಗ್ರಾಮದಿಂದ ಅಲ್ಲಿನ ಆಸ್ಪತ್ರೆಗಳು ಕೂಗಳತೆಯಲ್ಲಿವೆ ಎನ್ನಬಹುದಾದರೂ, ಮನೋವೈದ್ಯರ ಬಾಗಿಲಲ್ಲಿ ನಿಂತರೆ ಹುಚ್ಚು ಹಿಡಿದಿದೆ ಎನ್ನುವ ಮಾತಿಗೆ ಅಂಜಿ ಹಿಂಜರಿಯುವ ಕುಟುಂಬಗಳಿಗೆ, ಬಾಣಂತಿಯನ್ನು ನೋಡಲು ಹೇಗೂ ಒಳಗೆ ಬರುವ ಆಶಾ ಕಾರ್ಯಕರ್ತೆಯೇ ಮೊದಲ ಆಸರೆ.

ಆಕೆ ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು ಕೆದಕದಿರುವುದನ್ನು. ಅಪಘಾತ, ಅತ್ಯಾಚಾರ, ಕಣ್ಣೆದುರಿನ ಸಾವು ಮುಂತಾದ ಜೀವ ನಡುಗಿಸುವ ಘಟನೆ ಮನಸ್ಸಿನಲ್ಲಿ ಉಳಿಸುವ ಪೆಟ್ಟನ್ನು ಮಾನಸಿಕ ಆಘಾತ ಎನ್ನುತ್ತಾರೆ. ಆಗ ದೇಹ ಅಪಾಯವನ್ನು ಎದುರಿಸಲು ಸಜ್ಜಾಗಿ, ಎದೆ ಬಡಿದುಕೊಳ್ಳುತ್ತದೆ, ನಿದ್ದೆ ಹಾರುತ್ತದೆ, ಸಣ್ಣ ಸದ್ದಿಗೂ ಮೈ ಬೆಚ್ಚುತ್ತದೆ. ಬಹುಪಾಲು ಜನರಲ್ಲಿ ಈ ಎಚ್ಚರ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಅದು ಇಳಿಯುವ ಮುನ್ನವೇ ನಡೆದದ್ದನ್ನೆಲ್ಲ ಹೇಳಿಬಿಡು, ಎದೆ ಹಗುರಾಗುತ್ತದೆ ಎಂದು ಒತ್ತಾಯಿಸಿದರೆ, ಹೇಳುವವರ ದೇಹ ಮತ್ತೆ ಅದೇ ಅಪಾಯದ ನಡುವೆ ನಿಲ್ಲುತ್ತದೆ. ಆದ್ದರಿಂದ ಅವರಾಗಿ ಮಾತನಾಡಿದರೆ ಕೇಳಬೇಕು, ಸುಮ್ಮನಿದ್ದರೆ ಜೊತೆಗೆ ಸುಮ್ಮನೆ ಕುಳಿತುಕೊಳ್ಳಬೇಕು, ನೀರು ಕೊಡಬೇಕು, ಸುರಕ್ಷಿತ ಜಾಗಕ್ಕೆ ಕರೆದೊಯ್ಯಬೇಕು, ಬಂಧುಗಳಿಗೆ ಸುದ್ದಿ ಮುಟ್ಟಿಸಬೇಕು. ಆಘಾತದ ಮೊದಲ ತಿಂಗಳಲ್ಲಿ ಅದರ ಲಕ್ಷಣಗಳಿಗೆಂದು ಬೆಂಜೋಡಯಜೆಪೀನ್ ಗುಂಪಿನ ನಿದ್ದೆ ಮಾತ್ರೆ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ ಹೇಳಿದ್ದರೂ, ಕೂಡಲೇ ಮಾತ್ರೆ ಬರೆದುಕೊಡಿ ಎಂದು ಮನೆಯವರು ದುಂಬಾಲು ಬೀಳುವುದನ್ನು ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಮಾಡಿದವರೆಲ್ಲ ಬಲ್ಲರು.

ಒಂದು ತಿಂಗಳು ಕಳೆದರೂ ಕೆಟ್ಟ ಕನಸು, ಬೆಚ್ಚುವಿಕೆ, ಜನರಿಂದ ದೂರ ಸರಿಯುವಿಕೆ ನಿಲ್ಲದಿದ್ದರೆ ವೈದ್ಯರಲ್ಲಿಗೆ ಕಳುಹಿಸಬೇಕು. ಇದನ್ನು ತಿಳಿಯಲು ಕಾರ್ಯಕರ್ತೆ ತಿಂಗಳ ಬಳಿಕ ಮತ್ತೆ ಹೋಗಬೇಕಾದ ಎರಡನೆಯ ಭೇಟಿಯ ದಿನವನ್ನು ಬರೆದಿಡಲು ಕಲಿಸದ ತರಬೇತಿ ಅರ್ಧ ತರಬೇತಿಯೇ ಸರಿ. ಸಾಯಬೇಕೆನಿಸುತ್ತದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬ ಭಯಕ್ಕೂ ಆಧಾರವಿಲ್ಲ. ಹೌದೆಂಬ ಉತ್ತರ ಬಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಿಗೆ ತೋರಿಸಬೇಕು. ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ದ್ರಾಕ್ಷಿ ಬೆಳೆಯುವ ಮನೆಗಳಲ್ಲಿ ತೋಟಕ್ಕೆ ತಂದಿಟ್ಟ ಕೀಟನಾಶಕದ ಡಬ್ಬಿಗಳನ್ನು ಬೀಗ ಹಾಕಿಟ್ಟು, ಕೀಲಿಯನ್ನು ಬೇರೆಯವರ ಕೈಯಲ್ಲಿಡಬೇಕು. ಏನೂ ತೋಚದ ಹೊತ್ತಿನಲ್ಲಿ ಕಾರ್ಯಕರ್ತೆಯೂ ಮನೆಯವರೂ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಈ ಸಹಾಯವಾಣಿಯಲ್ಲಿ ಹಗಲಿರುಳೂ ಕನ್ನಡದಲ್ಲಿ ಮಾತನಾಡುವವರು ಸಿಗುತ್ತಾರೆ.