ಕೌದಿ, ಪುಸ್ತಕ ಮತ್ತು ಬಿಡುವು



ದೂಧಗಂಗೆಯ ಈ ಸೀಮೆಯಲ್ಲಿ ಹಳೆಯ ಸೀರೆ, ಧೋತರಗಳು ವ್ಯರ್ಥವಾಗುವುದಿಲ್ಲ. ಪದರಪದರವಾಗಿ ಕೂಡಿ ಕೌದಿಯಾಗುತ್ತವೆ. ಧಾರವಾಡ ಸೀಮೆಯ ಕಸೂತಿಯಲ್ಲಿ ಗಾವಂತಿ ಎಂಬ ಹೊಲಿಗೆಯುಂಟು. ಎಳೆಗಳನ್ನೆಣಿಸುತ್ತ ಮುಂದೆ ಸಾಗಿದ ಸೂಜಿ, ಬಿಟ್ಟ ಎಡೆಗಳನ್ನು ತುಂಬುತ್ತ ಹಿಂದಿರುಗುತ್ತದೆ; ಆದುದರಿಂದಲೇ ಎರಡೂ ಮಗ್ಗುಲಲ್ಲಿ ಒಂದೇ ಚಿತ್ರ. ದಾಂಪತ್ಯವೂ ಅಂತೆಯೇ, ಒಬ್ಬರು ಬಿಟ್ಟುದನ್ನು ಮತ್ತೊಬ್ಬರು ತುಂಬಬೇಕು.

ಆದರೆ ಸೂಜಿ ಹಿಡಿಯಲು, ಪುಸ್ತಕ ತೆರೆಯಲು ಗೃಹಿಣಿಗೆ ಬಿಡುವೆಲ್ಲಿ? ಹೆರಿಗೆಯ ತರುವಾಯ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳ ಅಂತರವಿರಲೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಅವಧಿಯಲ್ಲಿ ತಾಯಿಯ ದೇಹ ಚೇತರಿಸಿಕೊಳ್ಳುತ್ತದೆ. ಪತಿಯು ನೀರು ತಂದು, ಮಗುವನ್ನೆತ್ತಿಕೊಂಡರೆ ಸಂಜೆಯ ಒಂದು ಗಳಿಗೆ ಅವಳದಾಗುತ್ತದೆ. ಅವಳು ಹೊಲಿಯುವಾಗ ಆತನು ಗಟ್ಟಿಯಾಗಿ ಓದಲಿ; ಮರುದಿನ ಅವಳು ಓದಲಿ, ಆತನು ಆಲಿಸಲಿ. ಮಕ್ಕಳು ನೋಡಿ ಕಲಿಯುವರು.