ಶಾಣ್ಯಾತನ ಯಾರ ಸೊತ್ತು?

(ನಿಪ್ಪಾಣಿಯಲ್ಲಿ ಕಾರ್ಮಿಕರ ಹಾಗೂ ಚಿಕ್ಕ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಚಿಕ್ಕೋಡಿ, ಅಥಣಿ ಕಡೆ ವ್ಯವಹಾರ ಬಲ್ಲವನನ್ನು ‘ಶಾಣ್ಯಾ’ ಎನ್ನುತ್ತೇವೆ. ಹತ್ತು ಮಂದಿ ಹೇಳಿದ್ದಕ್ಕೆ ತಲೆಯಾಡಿಸುವವನು ಶಾಣ್ಯಾ ಅಲ್ಲ. ತಾನೇ ತೂಗಿ, ಎಣಿಸಿ ನೋಡಿ ಒಪ್ಪುವವನು ಶಾಣ್ಯಾ. ಈ ಬುದ್ಧಿಗೆ ಮ್ಯಾಟ್ರಿಕ್ ಬೇಕಿಲ್ಲ.

ನಾನು ಮಾಸ್ತರನಾಗಿದ್ದಾಗ ಬೀಡಿ ಕಟ್ಟುವ ತಾಯಿಯ ಮಗಳೊಬ್ಬಳು ನನಗೆ ಈ ಪಾಠ ಕಲಿಸಿದಳು. ಅವಳ ತಾಯಿ 1000 ಬೀಡಿ ಒಯ್ದರೆ, 50 ಬೀಡಿಯನ್ನು ‘ಛಾಟ್’ ಎಂದು ಬೇರೆ ತೆಗೆದು, ಉಳಿದುದಕ್ಕಷ್ಟೇ ಕೂಲಿ ಕೊಡುತ್ತಿದ್ದರು. ಹುಡುಗಿ ಕೇಳಿದಳು: “ಗುರುಗಳೇ, ಕೆಟ್ಟ ಬೀಡಿ ಇದ್ದರೆ ಮುರಿದು ಒಗೆಯಬೇಕು. ಅವನ್ನು ಯಾಕೆ ಇಟ್ಟುಕೊಳ್ಳುತ್ತಾರೆ?”

ನಾನು ಹಲಗೆಯ ಮೇಲೆ ಬರೆದೆ. ದಿನಕ್ಕೆ 50ರಂತೆ 20 ದಿನಕ್ಕೆ 1000. ಎಂದರೆ 20 ದಿನಕ್ಕೊಂದು ದಿನ ಬಿಟ್ಟಿ ದುಡಿಮೆ! ‘ಪದ್ಧತಿಯೇ ಹಾಗೆ’ ಎಂದು ಊರೆಲ್ಲ ಹೇಳುತ್ತಿತ್ತು. ನಾಚಿಕೆಯಿಂದ ಒಪ್ಪುತ್ತೇನೆ, ನಾನೂ ಹೇಳಿದ್ದೆ.

ಆ ಹುಡುಗಿಯ ಪ್ರಶ್ನೆ ಸಣ್ಣದಲ್ಲ. 1966ರಲ್ಲಿ ಬೀಡಿ ಕಾರ್ಮಿಕರ ಕಾಯ್ದೆಯಾದಾಗ, ತಿರಸ್ಕರಿಸಿದ ಬೀಡಿಯ ತಕರಾರಿಗೂ ಅದರಲ್ಲಿ ಒಂದು ಕಲಮು ಬರೆಯಬೇಕಾಯಿತು.

ಅಂಗಡಿಕಾರ ಮಿತ್ರರೇ, ‘ಇದು ಕೂಲಿಯವರ ಮಾತು’ ಎನ್ನಬೇಡಿರಿ. ಅವಳ ಕೂಲಿ ಕಡಿದರೆ ನಿಮ್ಮ ಉದ್ರಿ ವಹಿ ಬೆಳೆಯುತ್ತದೆ. ಒಂದು ಕಾಲಕ್ಕೆ ಸೇರು, ಮಣ ಊರಿಗೊಂದು ತೂಕವಿದ್ದವು. ಅದೂ ಪದ್ಧತಿಯೇ ಆಗಿತ್ತು. 1956ರ ಕಾಯ್ದೆಯಿಂದ ಎಲ್ಲ ಊರಿಗೂ ಒಂದೇ ಕಿಲೋ ಬಂದಿತು. ಇಂದು ಹಳೆಯ ಸೇರು ಬೇಕೆಂದು ಯಾರು ಕೇಳುತ್ತಾರೆ? ನಿನ್ನೆಯ ರೂಢಿ ಇಂದು ಮೂರ್ಖತನವೆನಿಸಬಹುದು.

1776ರಲ್ಲಿ ಅಮೇರಿಕೆಯಲ್ಲಿ ಟಾಮಸ್ ಪೇನ್ ‘ಕಾಮನ್ ಸೆನ್ಸ್’ ಎಂಬ ಚಿಕ್ಕ ಪುಸ್ತಕ ಬರೆದನು. ಅವನೂ ಕೆಲಕಾಲ ಶಾಲೆ ಕಲಿಸಿದವನೇ. ಅರಸನ ಮಗನೇ ಅರಸನೇಕಾಗಬೇಕೆಂದು ಸಾಮಾನ್ಯ ಜನರ ಭಾಷೆಯಲ್ಲಿ ಕೇಳಿದನು. 1981ರಲ್ಲಿ ಇದೇ ನಿಪ್ಪಾಣಿಯ ಹೆದ್ದಾರಿಯಲ್ಲಿ ಕುಳಿತ ತಂಬಾಕು ಬೆಳೆಗಾರರು ಬೆವರಿಗೆ ತಕ್ಕ ಬೆಲೆ ಕೇಳಿದರು. ಅವರಲ್ಲಿ ಕೆಲವರು ಗುಂಡಿಗೆ ಬಲಿಯಾದರು. ನೇರ ಪ್ರಶ್ನೆಗೆ ಅಷ್ಟು ಬೆಲೆ ತೆರಬೇಕಾಗುತ್ತದೆ.

ಆದುದರಿಂದ ರಾಯಬಾಗ, ಕಾಗವಾಡದಿಂದ ಬಂದ ಗಿರಣಿ ಬಂಧುಗಳೇ, ಹಾಜರಿ ನೀವೇ ಬರೆದಿಡಿರಿ. ತಾಯಂದಿರೇ, ಎಣಿಸಿ ಕೊಡಿರಿ, ಎಣಿಸಿ ಇಸಿದುಕೊಳ್ಳಿರಿ. ಓದು ಬಾರದಿದ್ದರೆ ಗೋಡೆಗೆ ಗೆರೆ ಎಳೆಯಿರಿ. ‘ಪದ್ಧತಿ’ ಎಂದವರಿಗೆ ಒಂದೇ ಮಾತು ಕೇಳಿರಿ: ಇದರಿಂದ ಲಾಭ ಯಾರಿಗೆ?

ಒಬ್ಬರೇ ಕೇಳಿದರೆ ಬಾಯಿ ಮುಚ್ಚಿಸುತ್ತಾರೆ. ಎಲ್ಲರೂ ಕೂಡಿ ಕೇಳಿದರೆ ಲೆಕ್ಕ ತೋರಿಸಲೇಬೇಕಾಗುತ್ತದೆ.