ದಿವಾನ್ ಪೂರ್ಣಯ್ಯನವರೂ ಗೆದ್ದ ಕುಂಪಣಿಯೂ
(ರಾವಂದೂರಿನಲ್ಲಿ ಮಾಡಿದ ಭಾಷಣ)



೧೭೯೯ನೆಯ ಇಸವಿ ಮಾರ್ಚಿ ೬ರಂದು ನಿಮ್ಮ ಪಿರಿಯಾಪಟ್ಟಣಕ್ಕೆ ಸಮೀಪದಲ್ಲಿ, ಕೊಡಗಿನ ಗಡಿಯ ಸಿದ್ದೇಶ್ವರದ ಬಳಿ, ಟೀಪೂ ಸುಲ್ತಾನನು ಮುಂಬಯಿಯ ಇಂಗ್ಲಿಷ್ ದಂಡಿನ ಮೇಲೆ ಬಿದ್ದು, ಗೆಲ್ಲಲಾರದೆ ಹಿಮ್ಮೆಟ್ಟಿದನು. ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದು ಅವನು ಮಡಿದನು. ಅವನ ಹಣಕಾಸಿನ ಮಂತ್ರಿಗಳಾಗಿದ್ದ ಪೂರ್ಣಯ್ಯನವರು ಗೆದ್ದವರಿಗೆ ಶರಣಾಗತರಾಗಿ, ಎರಡು ತಿಂಗಳೊಳಗೆ ಅವರಿಂದಲೇ ಮೈಸೂರಿನ ದಿವಾನರಾದರು. ಇವರನ್ನು ದ್ರೋಹಿಗಳೆನ್ನಬೇಕೆ, ರಕ್ಷಕರೆನ್ನಬೇಕೆ?

ಮುತ್ತಿಗೆಯ ಕಾಲದಲ್ಲಿಯೇ ಅವರು ಶತ್ರುವಿನೊಡನೆ ಕೈಗೂಡಿಸಿದರೆಂಬ ವದಂತಿಯುಂಟು. ವದಂತಿಯನ್ನು ಯಾವ ನ್ಯಾಯಸ್ಥಾನವೂ ಸಾಕ್ಷ್ಯವೆಂದು ಒಪ್ಪದು. ೧೭೮೨ರಲ್ಲಿ ಹೈದರನು ತೀರಿಕೊಂಡಾಗ, ಟೀಪೂ ಬರುವವರೆಗೂ ಸುದ್ದಿಯನ್ನು ಗುಟ್ಟಾಗಿಟ್ಟು ದಂಡನ್ನು ಚೆದುರಗೊಡದೆ ಕಾಯ್ದವರಲ್ಲಿ ಇವರೂ ಒಬ್ಬರೆಂಬುದನ್ನು ಮರೆಯಲಾಗದು.

ನಾರ್ವೆ ದೇಶದ ಕ್ವಿಸ್ಲಿಂಗನು ೧೯೩೯ರಲ್ಲಿಯೇ ಹಿಟ್ಲರನನ್ನು ಕಂಡು ಬಂದನು. ೧೯೪೦ರಲ್ಲಿ ಜರ್ಮನರು ನುಗ್ಗಿದ ದಿನವೇ ತಾನೇ ಪ್ರಧಾನಿಯೆಂದು ರೇಡಿಯೋದಲ್ಲಿ ಸಾರಿಕೊಂಡನು. ೧೯೪೫ರಲ್ಲಿ ಗುಂಡಿಗೆ ಬಲಿಯಾದನು. ಶತ್ರುವನ್ನು ಕರೆದವನು ಬೇರೆ, ಸೋಲಿನ ಮೇಲೆ ಶತ್ರುವಿನ ಕೆಳಗೆ ದುಡಿದವನು ಬೇರೆ.

ಪೂರ್ಣಯ್ಯನವರ ದುಡಿಮೆಯೂ ಅಲ್ಪವಲ್ಲ. ಕಂದಾಯದ ಲೆಕ್ಕವನ್ನು ನೇರ್ಪಡಿಸಿದರು. ೧೮೦೪ರಲ್ಲಿ ಶ್ರೀರಂಗಪಟ್ಟಣದ ಕಾವೇರಿಗೆ ಕಲ್ಲಿನ ಸೇತುವೆ ಕಟ್ಟಿಸಿದರು. ಆದರೆ ಅದಕ್ಕೆ ಇಟ್ಟ ಹೆಸರು ಗವರ್ನರ್ ಜನರಲ್ ವೆಲ್ಲೆಸ್ಲಿಯದು! ೧೮೦೭ರಲ್ಲಿ ಯಳಂದೂರು ಅವರಿಗೆ ಜಹಗೀರಾಯಿತು.

ಇನ್ನು ಬರಹದ ಸಾಕ್ಷ್ಯವನ್ನು ನೋಡೋಣ. ಐದು ವರ್ಷದ ಮುಮ್ಮಡಿ ಕೃಷ್ಣರಾಜರ ಪರವಾಗಿ ೧೭೯೯ರ ಜುಲೈ ೮ರಂದು ಆದ ಕರಾರಿನಂತೆ, ಕುಂಪಣಿಯ ಸೈನ್ಯದ ವೆಚ್ಚಕ್ಕಾಗಿ ಮೈಸೂರು ವರ್ಷಂಪ್ರತಿ ೭ ಲಕ್ಷ ವರಹಗಳನ್ನು ತೆರಬೇಕು. ಹಣ ತಪ್ಪುವುದೆಂಬ ಶಂಕೆ ಬಂದರೆ ಗವರ್ನರ್ ಜನರಲ್ಲನು ಆಡಳಿತವನ್ನೇ ಕೈಗೆ ತೆಗೆದುಕೊಳ್ಳಬಹುದು. ಅದೇ ವರ್ಷದ ಹಂಚಿಕೆಯಲ್ಲಿ ಕರಾವಳಿಯ ಕನ್ನಡ ಸೀಮೆ ಕುಂಪಣಿಯ ಪಾಲಾಯಿತು. ಹಂಚಿದ ಕೈ ಪೂರ್ಣಯ್ಯನವರದಲ್ಲ, ನಿಜ. ಆದರೂ ಮೈಸೂರೂ ಮಂಗಳೂರೂ ಮತ್ತೆ ಒಂದೇ ರಾಜ್ಯದಲ್ಲಿ ಕೂಡಲು ೧೯೫೬ನೆಯ ಇಸವಿ ಬರಬೇಕಾಯಿತು.

ಜಾಣ ದಿವಾನರಿರುವವರೆಗೆ ಹಣ ಸಂದಿತು, ಕರಾರಿನ ಕುಣಿಕೆ ಸಡಿಲವಾಗಿಯೇ ಇತ್ತು. ೧೮೧೧ರಲ್ಲಿ ಅವರು ಅಧಿಕಾರ ಬಿಟ್ಟರು, ಮರುವರ್ಷ ತೀರಿಕೊಂಡರು. ೧೮೩೧ರಲ್ಲಿ, ನಗರದ ರೈತರ ದಂಗೆಯ ತರುವಾಯ, ಕುಂಪಣಿಯು ಅದೇ ಕರಾರನ್ನು ತೋರಿಸಿ ರಾಜ್ಯವನ್ನು ವಶಪಡಿಸಿಕೊಂಡಿತು. ಅದು ಅರಸರಿಗೆ ಮರಳಿದುದು ಐವತ್ತು ವರ್ಷಗಳ ಮೇಲೆ, ೧೮೮೧ರಲ್ಲಿ.

ಆದುದರಿಂದ ನನ್ನ ತೀರ್ಪು ಇಷ್ಟೇ: ಪೂರ್ಣಯ್ಯನವರು ನಾಡನ್ನು ಮಾರಲಿಲ್ಲ, ಒತ್ತೆಯಿಟ್ಟರು; ತಮ್ಮ ಕಾಲದವರೆಗೆ ಬಡ್ಡಿಯನ್ನು ತಪ್ಪದೆ ಕಟ್ಟಿದರು. ಗೆದ್ದವರ ಕೆಳಗೆ ಒಳ್ಳೆಯ ಆಡಳಿತ ದೊರೆತೀತು. ಆದರೆ ಅದರ ಪತ್ರ ಗೆದ್ದವರ ಪೆಟ್ಟಿಗೆಯಲ್ಲಿರುತ್ತದೆ. ಉಪಾಧ್ಯಾಯ ಮಹಾಶಯರೇ, ಮಕ್ಕಳಿಗೆ ಆ ಸೇತುವೆಯನ್ನೂ ತೋರಿಸಿರಿ, ಈ ಪತ್ರವನ್ನೂ ಓದಿಸಿರಿ.